ಪಕ್ಕದ ಮನೆಯ ಟ್ಯಾಂಕಿ

ನಮ್ಮ ಮನೆಗೆ ರಿಪೇರಿ ಬೇಕಾಗಿತ್ತೋ ಇಲ್ಲವೋ, ನನ್ನ ತಮ್ಮನ ತಲೆಗಂತೂ ಬೇಕಾಗಿತ್ತು. ಆ ಕೆಲಸ ಮಾಡುವ ಗೌಂಡಿಗಳು ನಮ್ಮ ಕಡೆ ಸಿಗುವುದಿಲ್ಲ. ಹಾಗಾಗಿ ಅವನು ಮನೆಯನ್ನು ಹಿಡಿದುಕೊಂಡ.

ತಮ್ಮ ಕೊಟ್ಟೂರಿನ ಒಂದು ಬ್ಯಾಂಕಿನಲ್ಲಿ ಗುಮಾಸ್ತ. ಹೂವಿನಹಡಗಲಿಯ ನಮ್ಮ ಮನೆಯಿಂದ ದಿನಾ ಬೆಳಿಗ್ಗೆ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಬಸ್ಸಿನಲ್ಲಿ ಯಾರ ಮೈಯೂ ತಾಗದ ಹಾಗೆ ನಿಂತುಕೊಂಡು ಹೋಗುತ್ತಾನೆ. ನಾನು ಹಿರೇಹಡಗಲಿಯ ಶಾಲೆಯಲ್ಲಿ ಶಿಕ್ಷಕಿ. ನನ್ನ ಮದುವೆಯ ಕಥೆ ಬೇರೆಯೇ ಇದೆ, ಅದಕ್ಕೆ ಇಲ್ಲಿ ಜಾಗವಿಲ್ಲ. ತವರಿಗೆ ಮರಳಿ ಅವ್ವನ ಜೊತೆ ಇದ್ದೇನೆ ಎಂದರೆ ಸಾಕು. ಅಪ್ಪ ತೀರಿಕೊಂಡು ಬಹಳ ವರ್ಷಗಳಾದವು. ನಮ್ಮಿಬ್ಬರನ್ನೂ ಓದಿಸಿದ್ದು ಅವ್ವ, ಓದಿಸಿದ್ದು ರೊಟ್ಟಿ ಬಡಿದು. ಬಸ್ ನಿಲ್ದಾಣದ ಹತ್ತಿರದ ಒಂದು ಖಾನಾವಳಿಗೆ ದಿನಾ ಬೆಳಿಗ್ಗೆ ನಮ್ಮ ಮನೆಯಿಂದ ಒಂದು ಬುಟ್ಟಿ ಜೋಳದ ರೊಟ್ಟಿ ಹೋಗುತ್ತದೆ. ಇಬ್ಬರು ಮಕ್ಕಳೂ ಸಂಬಳ ತರುತ್ತಿದ್ದೇವೆ, ಇನ್ನು ಬಿಡು ಎಂದರೆ ಬಿಡುವುದಿಲ್ಲ. "ಕೈ ಸುಮ್ನ ಕುಂತ್ರ ನನ್ನ ಬಾಯಿ ಕೆಲಸಕ್ಕ ಹತ್ತತೈತಿ. ನಿಮಗ ಅದನ್ನ ತಡಕೊಳ್ಳಾಕ ಆಗಂಗಿಲ್ಲ" ಅನ್ನುತ್ತಾಳೆ.

ಆ ರೊಟ್ಟಿಗಳಿಗೆಲ್ಲ ಬೆಂಕಿ ಬರುತ್ತಿದ್ದದ್ದು ಹಿತ್ತಲಿನ ಗೋಬರ್ ಗ್ಯಾಸಿನಿಂದ. ನೋಡದವರಿಗೆ ಹೇಳುತ್ತೇನೆ. ಬಾವಿಯ ಹಾಗೆ ದುಂಡಗೆ ಕಟ್ಟಿದ ಒಂದು ಗುಂಡಿ. ಅದರ ತುಂಬ ನೀರಿನಲ್ಲಿ ಕಲಸಿದ ಸೆಗಣಿ. ಅದರೊಳಗೆ ಬೋರಲು ಹಾಕಿದ ಕಬ್ಬಿಣದ ದೊಡ್ಡ ಡ್ರಮ್ಮು. ಸೆಗಣಿಯಿಂದ ಏಳುವ ಗ್ಯಾಸು ಡ್ರಮ್ಮಿನ ಹೊಟ್ಟೆಯಲ್ಲಿ ತುಂಬಿಕೊಂಡು ಅದನ್ನು ಮೇಲಕ್ಕೆತ್ತುತ್ತದೆ. ಗ್ಯಾಸು ಉರಿದು ಖರ್ಚಾದಂತೆ ಡ್ರಮ್ಮು ಕೆಳಗಿಳಿಯುತ್ತದೆ. ಅದರ ನೆತ್ತಿಯ ಮೇಲೆ ಹಿತ್ತಾಳೆಯ ಒಂದು ಕಾಕು, ಅಂದರೆ ಗ್ಯಾಸು ಬಿಡುವ ಬಂದ್ ಮಾಡುವ ನಲ್ಲಿ, ಅಲ್ಲಿಂದ ಅಡುಗೆಮನೆಯ ಒಲೆಗೆ ಪೈಪು. ನಾವೆಲ್ಲ ಅದನ್ನು ಟ್ಯಾಂಕಿ ಎನ್ನುತ್ತಿದ್ದೆವು. ಎರಡು ಎಮ್ಮೆಗಳ ಸೆಗಣಿಯನ್ನು ಅವ್ವ ಕೈಯಾರೆ ಕಲಸಿ ಹಾಕುತ್ತಿದ್ದಳು. ಬೆಳಗ್ಗೆ ಎದ್ದು ಅವಳು ಮೊದಲು ನೋಡುತ್ತಿದ್ದದ್ದು ದೇವರ ಜಗಲಿಯನ್ನಲ್ಲ, ಟ್ಯಾಂಕಿ ಎಷ್ಟು ಎದ್ದಿದೆ ಎಂಬುದನ್ನು.

ಹಾಗಂತ ದೇವರನ್ನು ಬಿಟ್ಟವಳಲ್ಲ. ಉಚ್ಚಂಗಿದುರ್ಗಕ್ಕೆ ಹೋಗಿ ಬಂದಾಗಲೆಲ್ಲ ಉಚ್ಚಂಗೆಮ್ಮನ ಭಂಡಾರವನ್ನು ಟ್ಯಾಂಕಿಗೂ ಹಚ್ಚಿ, ಗುಡಿಯಿಂದ ತಂದ ದಾರವನ್ನು ಆ ಕಾಕಿಗೆ ಕಟ್ಟುತ್ತಿದ್ದಳು. ಹಳೆಯ ದಾರ ಬಿಚ್ಚುವ ಪದ್ಧತಿ ಇಲ್ಲ. ಅದರ ಮೇಲೆಯೇ ಹೊಸದು. ವರ್ಷಗಳು ಕಳೆದು ಆ ಕಾಕು ಅರಿಸಿನದ ಬಟ್ಟೆ ಸುತ್ತಿದ ಗಾಯದ ಬೆರಳಿನಂತೆ ದಪ್ಪಗಾಗಿತ್ತು.

ಪಕ್ಕದ ಮನೆಯಲ್ಲಿಯೂ ಇಂಥದೇ ಗುಂಡಿ ಇದೆ. ಆ ಮನೆಯ ಹೆಂಗಸನ್ನು ನಾವು ಅತ್ತೆ ಎಂದು ಕರೆಯುತ್ತೇವೆ, ಸಂಬಂಧವೇನಿಲ್ಲ. ಅವಳ ಗಂಡ ಮತ್ತು ನಮ್ಮಪ್ಪ ಒಂದೇ ಬೇಸಿಗೆಯಲ್ಲಿ, ಒಂದೇ ಅಳತೆಯಲ್ಲಿ ಎರಡೂ ಗುಂಡಿ ತೋಡಿಸಿದ್ದರು. ಅವರ ಡ್ರಮ್ಮಿಗೆ ಬಣ್ಣ ಬಳಿಯುವವರಿಲ್ಲದೆ ತುಕ್ಕು ತಿಂದು ತೂತು ಬಿದ್ದು ಅದು ಎಂದೋ ಗುಜರಿಗೆ ಹೋಯಿತು. ಗುಂಡಿಗೆ ಕಲ್ಲುಚಪ್ಪಡಿ ಮುಚ್ಚಿ ಅತ್ತೆ ಅದರ ಮೇಲೆ ಕಟ್ಟಿಗೆ ಒಟ್ಟುತ್ತಾಳೆ, ಆ ಕಟ್ಟಿಗೆ ಉರಿಸಿ ಹೊಗೆಯಲ್ಲಿ ಕಣ್ಣು ಕೆಂಪಗೆ ಮಾಡಿಕೊಂಡು ಅಡುಗೆ ಮಾಡುತ್ತಾಳೆ. ಅವ್ವನಿಗೂ ಅವಳಿಗೂ ಗೋಡೆಯ ಆಚೆ ಈಚೆ ನಿಂತು ದಿನಾ ಒಂದು ಸುತ್ತು ಬೈದಾಡಿಕೊಳ್ಳದಿದ್ದರೆ ಉಂಡದ್ದು ಅರಗುತ್ತಿರಲಿಲ್ಲ.

ಈಗ ತಮ್ಮನ ವಿಷಯಕ್ಕೆ ಬರುತ್ತೇನೆ. ಹರಪನಹಳ್ಳಿ ಕಡೆಯ ಒಂದು ಸಂಬಂಧ ಕೂಡಿ ಬಂದಿತ್ತು. ಹುಡುಗಿಯನ್ನು ನಾವು ನೋಡಿ ಬಂದಾಗಿತ್ತು. ಇನ್ನು ಅವರು ನಮ್ಮ ಮನೆ ನೋಡಲು ಬರಬೇಕು. ನಮ್ಮ ಕಡೆ ಹೆಣ್ಣು ನೋಡುವುದು ಅರ್ಧ ಮಾತು, ಮನೆ ನೋಡುವುದು ಇನ್ನರ್ಧ. ಬಂದವರು ಪಡಸಾಲೆಯಲ್ಲಿ ಕೂತು ಚಹಾ ಕುಡಿದು ಹೋಗುವುದಿಲ್ಲ. ಕಾಲು ಮಡಿಯಲು ಹೋಗುವ ನೆಪದಲ್ಲಿ ಹಿತ್ತಲು, ಬಚ್ಚಲು, ದನದ ಕೊಟ್ಟಿಗೆ ಎಲ್ಲ ಕಣ್ಣಾಡಿಸಿಯೇ ಏಳುತ್ತಾರೆ.

ಇದನ್ನು ನೆನೆದೇ ತಮ್ಮನ ನಿದ್ದೆ ಹಾರಿಹೋಯಿತು. ಅಡುಗೆಮನೆಗೆ ಗ್ರಾನೈಟು, ಗೋಡೆಗೆ ಟೈಲ್ಸು, ಹೊರಗೆ ತಿಳಿಗುಲಾಬಿ ಬಣ್ಣ ಎಂದು ಶುರುಮಾಡಿದ. ನಾನು ಮಾತಾಡಲಿಲ್ಲ, ಅವನ ಸಂಬಳ, ಅವನ ಗುಲಾಬಿ. ಆಮೇಲೆ ಒಂದು ಸಂಜೆ ಹಿತ್ತಲಲ್ಲಿ ಗೌಂಡಿಯ ಜೊತೆ ನಿಂತು, ಮೂಗಿಗೆ ಕರವಸ್ತ್ರ ಹಿಡಿದು, "ಅಡಗಿಮನಿ ಗ್ವಾಡಿ ಇಲ್ಲಿ ತನಕ ಬರ್ತೈತಿ. ಈ ಟ್ಯಾಂಕಿ ತೆಗಿಬೇಕಾಗ್ತೈತಿ" ಎಂದ. ಗೌಂಡಿಗೇನು, ಗೋಡೆ ಎಷ್ಟು ಉದ್ದವಾದರೂ ಅವನಿಗೆ ಒಳ್ಳೆಯದೇ. ಅವನು ತಲೆಯಾಡಿಸಿದ.

ಅವ್ವ ಸೆಗಣಿ ಕೈಯಲ್ಲೇ ನಿಂತು ಕೇಳಿದಳು. "ತೆಗದು ಎಲ್ಲಿ ಇಡ್ತಿ?"

"ರಿಪೇರಿ ಮುಗಿಯೋ ತನಕ ಅಷ್ಟ ಬೇ. ಗ್ವಾಡಿ ಒಣಗಿದ ಮ್ಯಾಲ ಹಿಂದಕ್ಕ ಬ್ಯಾರೆ ಗುಂಡಿ ತೋಡಿಸಿ ಇಳಸ್ತೀನಿ."

"ಅಲ್ಲಿ ತನಕ ರೊಟ್ಟಿ?"

"ಸಿಲಿಂಡರ್ ಐತಲ್ಲ."

ಬ್ಯಾಂಕಿನಲ್ಲಿ ಕೂತು ಲೆಕ್ಕ ಬರೆಯುವವನಿಗೆ ಒಂದು ಬುಟ್ಟಿ ರೊಟ್ಟಿಗೆ ಎಷ್ಟು ಬೆಂಕಿ ಬೇಕು ಎಂಬ ಅಂದಾಜಿಲ್ಲ. ಅವನು ರೊಟ್ಟಿಯನ್ನು ತಟ್ಟೆಯಲ್ಲಿ ಮಾತ್ರ ನೋಡಿದವನು. ಆದರೂ ಅವ್ವ ಒಪ್ಪಿದಳು. ಮಗನ ಮದುವೆ ಎಂದರೆ ತಾಯಂದಿರ ಬುದ್ಧಿ ಎಲ್ಲಿ ಹೋಗಿ ಕೂರುತ್ತದೋ ಗೊತ್ತಿಲ್ಲ.

ಭಾನುವಾರ ಟ್ಯಾಂಕಿ ಎತ್ತುವ ಸಂಭ್ರಮ. ತಮ್ಮನ ಸ್ನೇಹಿತರು, ಗೌಂಡಿ, ಗೌಂಡಿಯ ಆಳುಗಳು, ಜೊತೆಗೆ ಕರೆಯದೆ ಬಂದ ಓಣಿಯ ಗಂಡಸರು. ಕೆಲಸ ಮಾಡುವವರಿಗಿಂತ ಹೇಳುವವರೇ ಹೆಚ್ಚು. ಒಬ್ಬ ಗೋಡೆಯ ಮೇಲೆ ಕೂತು ಕಾಲು ಇಳಿಬಿಟ್ಟುಕೊಂಡು, "ಮೊದಲ ಎಡಕ್ಕ ವಾಲಸ್ರಿ" ಎಂದ. ಅವನನ್ನು ಯಾರೂ ಕೇಳಿರಲಿಲ್ಲ. ತಮ್ಮ ಫೋನಿನಲ್ಲಿ ಯಾವುದೋ ವಿಡಿಯೋ ನೋಡಿ ಬಂದಿದ್ದ. ಅದರಲ್ಲಿ ಮೊದಲು ಕಾಕು ಬಂದ್ ಮಾಡಬೇಕು ಎಂದಿದ್ದರಂತೆ. ಆ ವಿಡಿಯೋ ಸಿಲಿಂಡರಿನದು. ಆದರೆ ಇವನು ಸಾಹೇಬನ ಗತ್ತಿನಲ್ಲಿ ದಾರದ ಕೆಳಗೆ ಬೆರಳು ತೂರಿಸಿ ಕಾಕನ್ನು ಬಿಗಿಯಾಗಿ ತಿರುಗಿಸಿ, "ಈಗ ಸೇಫ್" ಎಂದು ಸಾರಿದ.

ಡ್ರಮ್ಮಿನ ಕಿವಿಗಳಿಗೆ ಹಗ್ಗ ಪೋಣಿಸಿ, ಉದ್ದನೆಯ ತೊಲೆಗಳಿಗೆ ಬಿಗಿದು, ಎರಡೂ ಕಡೆ ಹೆಗಲು ಕೊಟ್ಟರು. ಎತ್ತಿದರು. ಟ್ಯಾಂಕಿ ಒಂದು ಗೇಣು ಎದ್ದು ನಿಂತಿತು. ಮತ್ತೆ ಎತ್ತಿದರು. ಕೆಳಗೆ ಯಾರೋ ಹಿಡಿದು ಎಳೆದಂತೆ ವಾಪಸು ಕೂತಿತು. ಅಂಗಿ ಬಿಚ್ಚಿದರು, ಟವೆಲು ಸುತ್ತಿದರು, ಬೈದುಕೊಂಡರು. ಟ್ಯಾಂಕಿ ಮಾತ್ರ ಮೇಲೆ ಬಾರದು. ಕೊನೆಗೆ ಗೌಂಡಿ ಬೆವರು ಒರೆಸಿಕೊಂಡು, "ಕಾಕು ಬಿಚ್ಚಿ ನೋಡಾಣೇನ್ರಿ" ಎಂದ. ಅಲ್ಲಿಯ ತನಕ ಅವನು ಆಡಿದ ಒಂದೇ ಬುದ್ಧಿಯ ಮಾತು ಅದು. ಆದರೆ ಗೋಡೆಯ ಮೇಲೆ ಕೂತಿದ್ದವನು ಅಲ್ಲಿಂದಲೇ ಕೈ ಮುಗಿದು, "ಮುಟ್ಟಬ್ಯಾಡ್ರಿ, ಅಮ್ಮನ ದಾರ ಐತಿ. ಅಕಿನ ಹಿಡಕೊಂಡಾಳ" ಎಂದ.

ಅಷ್ಟೇ ಸಾಕಾಯಿತು. ಹೆಗಲು ಕೊಟ್ಟಿದ್ದವರೆಲ್ಲ ಹೆಗಲು ತೆಗೆದರು. ನನ್ನ ತಮ್ಮ, ಮನೆಯಲ್ಲಿ ಊದುಬತ್ತಿಯ ಹೊಗೆ ಕಂಡರೆ ಕಿಟಕಿ ತೆರೆಯುವವನು, ಅವನೂ ಎರಡು ಹೆಜ್ಜೆ ಹಿಂದೆ ಸರಿದ. ಸ್ವಲ್ಪ ಹೊತ್ತಿಗೆ ಮೊದಲು ಅದೇ ಕಾಕನ್ನು ತಿರುಗಿಸಿದ್ದು ತಾನೇ ಎಂಬುದು ನೆನಪಾಗಿ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡದ್ದನ್ನು ನಾನು ಕಣ್ಣಾರೆ ನೋಡಿದೆ. ತೆಂಗಿನಕಾಯಿ ತಂದರು, ನಿಂಬೆಹಣ್ಣು ತಂದರು. ಕಾಯಿ ಒಡೆದರು. ದೇವಿಯ ಹತ್ತಿರ ತಪ್ಪಾಯಿತು ಎಂದು ಕೇಳಿಕೊಂಡರು. ಅವ್ವನ ಹತ್ತಿರ ಯಾರೂ ಕೇಳಲಿಲ್ಲ.

ಕಾಯಿ ಒಡೆದು ಮತ್ತೆ ಎತ್ತುವಾಗ ಒಂದು ಹಗ್ಗ ಜಾರಿ ಕಾಕಿಗೆ ಸಿಕ್ಕಿಕೊಂಡಿತು. ಹಳೆಯ ಹಿತ್ತಾಳೆ, ಟಣ್ ಎಂದು ಮುರಿದು ದಾರದ ಸಮೇತ ಹಾರಿ ಬಿತ್ತು. ಡ್ರಮ್ಮಿನೊಳಕ್ಕೆ ಸುಂಯ್ ಎಂದು ಗಾಳಿ ನುಗ್ಗಿತು. ಅದುವರೆಗೆ ಅಲುಗದ ಟ್ಯಾಂಕಿ ಒಮ್ಮೆಗೇ ಸಡಿಲಾಗಿ ಮೇಲಕ್ಕೆ ಬಂದು, ಮೈಯ ಬಲವೆಲ್ಲ ಹಾಕಿ ಎತ್ತುತ್ತಿದ್ದ ಮಂದಿ ತೊಲೆಗಳ ಸಮೇತ ತೂರಾಡಿ ಸೆಗಣಿನೀರಿನಲ್ಲಿ ಕೂತರು. ತಂಬಿಗೆಯನ್ನು ಬೋರಲು ಹಾಕಿ ನೀರಿನೊಳಗಿಂದ ಎತ್ತಿ ನೋಡಿದ ಯಾರಿಗಾದರೂ ಕಾಕು ಬಂದ್ ಮಾಡಿದ ಡ್ರಮ್ಮು ಯಾಕೆ ಏಳಲಿಲ್ಲ ಎಂದು ತಿಳಿಯುತ್ತದೆ. ಇವರು ತಂಬಿಗೆ ತೊಳೆದವರಲ್ಲ. "ನೋಡ್ರಿ, ಕಾಯಿ ಒಡದ ಮ್ಯಾಲ ಬಿಟ್ಟಳು" ಎಂದು ಗೋಡೆಯ ಮೇಲಿನವನು ಇಳಿದು ಬಂದು ಪ್ರಸಾದದ ಕೊಬ್ಬರಿ ತಿಂದ. ಅವ್ವ ಬಗ್ಗಿ, ದಾರ ಸುತ್ತಿದ ಆ ಮುರಿದ ಕಾಕನ್ನು ಎತ್ತಿಕೊಂಡು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು.

ಟ್ಯಾಂಕಿಯನ್ನು ಹಿತ್ತಲಿನ ಮೂಲೆಗೆ ಇಡುತ್ತಾರೆ ಎಂದು ನಾನು ತಿಳಿದಿದ್ದೆ. ಇವರು ಮನೆಯ ಪಕ್ಕದ ಸಂದಿಯಲ್ಲಿ ಉರುಳಿಸಿಕೊಂಡು ಮುಂದಕ್ಕೆ ಹೊರಟರು. ಯಾಕೆ ಎಂದು ಕೇಳಿದರೆ ತಮ್ಮ, "ಹಿಂದ ಇಟ್ಗಿ ಇಳಸ್ಬೇಕು, ನಿನಗ ತಿಳಿಯಂಗಿಲ್ಲ" ಎಂದ. ಸಂದಿಯುದ್ದಕ್ಕೂ ಹೊಸ ಗುಲಾಬಿ ಬಣ್ಣಕ್ಕೆ ಸೆಗಣಿಯ ಪಟ್ಟೆ ಎಳೆದುಕೊಂಡು ಟ್ಯಾಂಕಿ ಅಂಗಳಕ್ಕೆ ಬಂತು. ಬಂದು, ಬಾಗಿಲ ಎದುರಿನ ಬೇವಿನ ಮರಕ್ಕೂ ಕಾಂಪೌಂಡಿನ ಗೋಡೆಗೂ ನಡುವೆ ಸಿಕ್ಕಿಕೊಂಡು ನಿಂತುಬಿಟ್ಟಿತು. ಆ ಹೊತ್ತಿಗೆ ಎಲ್ಲರಿಗೂ ಹಸಿವಾಗಿತ್ತು. ಸಂಜೆಗೆ ಬರುತ್ತೇವೆ ಎಂದು ಹೋದವರು ಬರಲಿಲ್ಲ.

ಮಂಗಳವಾರ ನಾನು ಶಾಲೆಯಿಂದ ಬಂದಾಗ ಅಂಗಳದಲ್ಲಿ ಗುಜರಿಯವನು ನಿಂತಿದ್ದ. ಬೆಂಕಿಯಿಂದ ಕಬ್ಬಿಣ ಕತ್ತರಿಸುವ ಸಾಮಾನು ತಂದಿದ್ದ. ಟ್ಯಾಂಕಿಯನ್ನು ಬೆರಳಿನಿಂದ ಬಡಿದ, ಒಳಗೆ ಮುಖ ಹಾಕಿ ಮೂಸಿದ, ಹಿಂದೆ ಸರಿದ.

"ನಿಮ್ಮ ತಮ್ಮ ಹಳೇ ಕಬ್ಣ ಐತಿ, ಒಯ್ಯಿ ಅಂತ ಹೇಳಿದ್ರಕ್ಕಾ. ಗ್ಯಾಸಿನ ಡ್ರಮ್ಮು ಅಂತ ಹೇಳಲಿಲ್ಲ. ವಾಸನಿ ಹೋಗೋ ತನಕ ಇದಕ್ಕ ಬೆಂಕಿ ಹಚ್ಚಾಕ ನನಗೇನ್ ಹುಚ್ಚು ಹಿಡದೈತೇನು? ಮುಂದಿನ ವಾರ ಬರ್ತೀನಿ."

ಆಗ ನನಗೆ ತಿಳಿದದ್ದು. ಹಿತ್ತಲಿಗೆ ಬರುವ ಗೋಡೆಯೂ ಇಲ್ಲ, ಹೊಸ ಗುಂಡಿಯೂ ಇಲ್ಲ, ಹಿಂದಕ್ಕೆ ಇಳಿಸುವುದೂ ಇಲ್ಲ. ಅವನು ಅವ್ವನ ಟ್ಯಾಂಕಿಯನ್ನು ಗುಜರಿಗೆ ಹಾಕಿಬಿಟ್ಟಿದ್ದಾನೆ. ನನಗೆ ಮೈ ಉರಿದು ಹೋಯಿತು. ತಮ್ಮ ಬಸ್ಸಿಳಿದು ಬರುವುದನ್ನೇ ಕಾಯ್ದು, ಚಪ್ಪಲಿ ಬಿಡುವ ಮೊದಲೇ ಕೇಳಿದೆ.

"ಅವ್ವಗ ಯಾಕ ಸುಳ್ಳು ಹೇಳಿದಿ?"

ಅವನು ಅತ್ತಿತ್ತ ನೋಡಿ ದನಿ ತಗ್ಗಿಸಿದ. "ನೋಡಕ್ಕ, ಅವರು ಬಂದು ಹಿತ್ತಲದಾಗ ಸೆಗಣಿ ಕಲಸೋದು ನೋಡಿ, ಖಾನಾವಳಿಗೆ ರೊಟ್ಟಿ ಬಡಿಯೋರ ಮನಿ ಅಂದ್ರ? ಬ್ಯಾಂಕಿನವನ ತಾಯಿ ಅಂತ ಒಂದು ಮರ್ಯಾದಿ ಬ್ಯಾಡೇನು? ಟ್ಯಾಂಕಿ ಹೋದ್ರ ರೊಟ್ಟಿನೂ ಹೋಗ್ತೈತಿ. ಅಕಿಗೂ ಆರಾಮ."

ಅವನಿಗೆ ಟ್ಯಾಂಕಿಯ ವಾಸನೆ ತೊಂದರೆಯಾಗಿರಲಿಲ್ಲ, ತೊಂದರೆಯಾಗಿದ್ದದ್ದು ಅವ್ವ. ಅವಳನ್ನು ಗುಜರಿಗೆ ಹಾಕಲು ಆಗದೆ ಟ್ಯಾಂಕಿಯನ್ನು ಹಾಕಿದ್ದ. ಅವನ ಕಾಲೇಜಿನ ಫೀಸು, ಅವನ ಮೊದಲ ಇಸ್ತ್ರಿ ಅಂಗಿ ಯಾವ ಬೆಂಕಿಯಿಂದ ಬಂದವು ಎಂದು ನಾನು ಬಾಯಿಗೆ ಬಂದಂತೆ ಅಂದೆ. ಅವನು ಫೋನು ನೋಡುತ್ತ ಒಳಗೆ ಹೋದ. ಅವ್ವನಿಗೆ ಎಲ್ಲ ಹೇಳಿದೆ. ಅವಳು ಹಿಟ್ಟು ಜರಡಿ ಹಿಡಿಯುತ್ತಿದ್ದಳು. "ಹೌದಾ" ಎಂದಳು. ಜರಡಿ ನಿಲ್ಲಿಸಲಿಲ್ಲ.

ಗುರುವಾರದ ಹೊತ್ತಿಗೆ ಸಿಲಿಂಡರು ಬರಿದಾಯಿತು. ಇನ್ನೊಂದು ಬರುವುದಕ್ಕೆ ದಿನಗಳು ಬೇಕು. ಹಿತ್ತಲಲ್ಲಿ ಮೂರು ಕಲ್ಲು ಹೂಡಿ ಕಟ್ಟಿಗೆ ಹಚ್ಚಿದರೆ ತಮ್ಮ ಓಡಿ ಬಂದು, ಹೊಗೆಗೆ ಹೊಸ ಬಣ್ಣ ಕಪ್ಪಾಗುತ್ತದೆ ಎಂದು ನೀರು ಸುರಿದ. ನಾನು, "ಅತ್ತಿ ಒಲಿ ಮ್ಯಾಲ ಮಾಡು" ಎಂದೆ. ಅವ್ವ ಒಪ್ಪಲಿಲ್ಲ. "ಅಕಿ ಗುಡ್ಡ ಅಲದು ಕಟ್ಟಿಗಿ ತರ್ತಾಳ. ಅಕಿ ಕಟ್ಟಿಗಿ ಸುಟ್ಟು ನಾನು ದುಡಿಯೋದೇನು? ನನ್ನ ಹತ್ರ ಅಕಿಗೆ ಕೊಡಾಕ ಏನೈತಿ?" ಎಂದಳು. ಶುಕ್ರವಾರ ಬುಟ್ಟಿ ಖಾಲಿ. ಶನಿವಾರವೂ ಖಾಲಿ. ಶನಿವಾರ ಸಂಜೆ ಖಾನಾವಳಿಯವನೇ ಬಂದ. ಅಂಗಳದ ಟ್ಯಾಂಕಿಯನ್ನು ಒಂದು ಸುತ್ತು ಹಾಕಿ ನೋಡಿ, ಒಳಗೆ ಬಂದು ನೆಲದ ಮೇಲೆ ಕೂತ.

"ಯವ್ವಾ, ನಿನ್ನ ರೊಟ್ಟಿ ಉಂಡ ಬಾಯಿಗೆ ಬ್ಯಾರೆ ರೊಟ್ಟಿ ಹಾಕಿದ್ರ ಗಿರಾಕಿ ನನ್ನ ಬೈತಾವ. ಆದ್ರೂ ಬರೇ ಅನ್ನ ಹಾಕಾಕ ಆಗಂಗಿಲ್ಲಲ್ಲ. ಸೋಮವಾರ ಬುಟ್ಟಿ ಬರಲಿಲ್ಲಾಂದ್ರ ನಾ ಬ್ಯಾರೇರಿಗೆ ಹೇಳ್ತೀನಿ. ಸಿಟ್ಟಾಗಬ್ಯಾಡ."

"ಸಿಟ್ಟು ಯಾಕಪ್ಪ" ಎಂದಳು ಅವ್ವ. ಅವನು ಹೋದ ಮೇಲೆ ಖಾಲಿ ಬುಟ್ಟಿಯನ್ನು ಮಡಿಲಲ್ಲಿ ಇಟ್ಟುಕೊಂಡು ಬಹಳ ಹೊತ್ತು ಕೂತಿದ್ದಳು. ಅವಳು ಹಾಗೆ ಸುಮ್ಮನೆ ಕೂತದ್ದನ್ನು ನಾನು ಅಪ್ಪ ಹೋದ ದಿನ ಬಿಟ್ಟರೆ ನೋಡಿರಲಿಲ್ಲ. ನನಗೆ ಅಳು ಬಂತು, ಅಳುವುದಕ್ಕಿಂತ ತಮ್ಮನ ಕಪಾಳಕ್ಕೆ ಬಿಡಬೇಕು ಎನ್ನಿಸಿತು. ಎರಡೂ ಮಾಡದೆ ಪಾತ್ರೆ ತೊಳೆದೆ.

ಮರುದಿನ ಭಾನುವಾರ ಅವರು ಬಂದರು: ಹುಡುಗಿಯ ತಂದೆ, ತಾಯಿ, ಚಿಕ್ಕಮ್ಮ, ಸೋದರಮಾವ. ತಮ್ಮ ಬೆಳಗ್ಗಿನಿಂದ ಟ್ಯಾಂಕಿಗೆ ಒಂದು ಹಳೆಯ ಜಮಖಾನೆ ಹೊದಿಸಿ, ಅದರ ಮುಂದೆ ಎರಡು ಹೂಕುಂಡ ಇಟ್ಟು ಒದ್ದಾಡಿದ್ದ. ಜಮಖಾನೆ ಹೊದ್ದ ಮೇಲೆ ಅದು ಇನ್ನೂ ದೊಡ್ಡದಾಗಿ ಕಂಡಿತು. ಅವ್ವನಿಗೆ ರೇಷ್ಮೆ ಸೀರೆ ಉಡಿಸಿ, ಹಡಗಲಿಯ ಮಲ್ಲಿಗೆ ಮುಡಿಸಿ, ಕುರ್ಚಿಯ ಮೇಲೆ ಕೂರಿಸಿ, ಹೆಚ್ಚು ಮಾತಾಡಬೇಡ ಎಂದಿದ್ದ.

ಸೋದರಮಾವ ಎಂಬಾತ ಹೊಲಮನೆಯ ಮನುಷ್ಯ, ಬಿಳಿ ಅಂಗಿ, ದಪ್ಪ ಮೀಸೆ. ಒಳಗೆ ಬರುವ ಮೊದಲೇ ಜಮಖಾನೆಯ ಅಂಚು ಎತ್ತಿ ನೋಡಿದ.

"ಇದೇನಪ್ಪ, ಗೋಬರ್ ಗ್ಯಾಸಿನ ಡ್ರಮ್ಮು ಬಾಗಿಲಾಗೇ ಐತೆ?"

ಅವ್ವ ಕಾಲಿಗೆ ನೀರು ಕೊಡಲು ತಂಬಿಗೆ ಹಿಡಿದು ಹೊಸ್ತಿಲಲ್ಲಿ ನಿಂತಿದ್ದಳು. ತಮ್ಮ ನಕ್ಕ. ಆ ನಗೆಯನ್ನು ಅವನು ಬ್ಯಾಂಕಿನಲ್ಲಿ ಕಲಿತದ್ದು. "ಅದು ನಮ್ಮದಲ್ರಿ. ಪಕ್ಕದ ಮನಿಯವರ್ದು. ತೆಗೀರಿ ಅಂತ ಎಷ್ಟು ಹೇಳಿದ್ರೂ ತೆಗ್ಯಂಗಿಲ್ಲ. ಹಳೇ ಮಂದಿ, ಏನ್ ಮಾಡ್ತೀರಿ."

ಅವ್ವ ತಂಬಿಗೆ ಹಿಡಿದು ಅಂಗಳಕ್ಕೆ ಇಳಿದಳು. ಎಲ್ಲರ ಕಾಲಿಗೂ ನೀರು ಕೊಟ್ಟಳು, ಒಳಗೆ ಬಂದು ಕುರ್ಚಿಯ ಮೇಲೆ ಕೂತಳು. ಹೋಟೆಲಿನಿಂದ ತರಿಸಿದ ಮಂಡಕ್ಕಿ, ಮಿರ್ಚಿ, ಚಹಾ ಆಯಿತು. ಗ್ರಾನೈಟು ನೋಡಿದರು, ಟೈಲ್ಸು ನೋಡಿದರು. ಹುಡುಗಿಯ ಚಿಕ್ಕಮ್ಮ ಪ್ರೀತಿಯಿಂದಲೇ ಅವ್ವನ ಕೈ ಹಿಡಿದು, "ನೀವು ಏನು ಮಾಡ್ತೀರಮ್ಮ ದಿನಾ?" ಎಂದಳು. ಆ ಕೈಯ ತುಂಬ ಹಂಚಿನ ಸುಟ್ಟ ಕಲೆಗಳು. ಅವ್ವ ಬಾಯಿ ತೆರೆಯುವ ಮೊದಲೇ ತಮ್ಮ ಉತ್ತರ ಕೊಟ್ಟ.

"ಅವ್ವ ಏನೂ ಮಾಡಂಗಿಲ್ರಿ. ಆರಾಮ ಅದಾಳ. ಪೂಜಿ, ಟಿವಿ, ಅಷ್ಟ."

ಅವ್ವ ಚಿಕ್ಕಮ್ಮನ ಕೈಯಿಂದ ತನ್ನ ಕೈಯನ್ನು ಮೆಲ್ಲಗೆ ಬಿಡಿಸಿಕೊಂಡು ಎದ್ದಳು. ರೇಷ್ಮೆ ಸೀರೆಯ ನಿರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿದಳು. ಅಂಗಳಕ್ಕೆ ಹೋಗಿ ಕಾಂಪೌಂಡಿನ ಗೋಡೆಯ ಮೇಲಿಂದ ಕರೆದಳು. ನಾನು ಹಿಂದೆಯೇ ಹೋದೆ, ಬೀಗರಾಗುವವರೂ ಏನೋ ಎಂದು ಬಾಗಿಲಿಗೆ ಬಂದರು.

"ಏ ಯವ್ವಾ, ಅದಿಯೇನು? ಬಾ ಇಲ್ಲಿ."

ಅತ್ತೆ ಸೊಂಟದ ಮೇಲೆ ಕೈಯಿಟ್ಟುಕೊಂಡು ಬಂದಳು. ದಿನದ ಬೈಗುಳಕ್ಕೆ ಸಿದ್ಧವಾಗಿಯೇ ಬಂದಿದ್ದಳು.

"ಈ ಟ್ಯಾಂಕಿ ನಿಂದಂತ. ನನ್ನ ಮಗ ಹೇಳ್ಯಾನ, ಇವರೆಲ್ಲಾರ ಮುಂದ. ನಿನ್ನ ಸಾಮಾನು ನಮ್ಮ ಅಂಗಳದಾಗ ಯಾಕ? ಒಯ್ದು ನಿನ್ನ ಗುಂಡಿಗೆ ಇಳಸ್ಕೋ."

ಅತ್ತೆ ಅವ್ವನ ಮುಖ ನೋಡಿದಳು. ಆಮೇಲೆ ಬಾಗಿಲಲ್ಲಿ ಬಿಳಿಚಿಕೊಂಡು ನಿಂತಿದ್ದ ತಮ್ಮನ ಮುಖ ನೋಡಿದಳು. ಅವಳಿಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ.

"ಹೌದವಾ, ನಂದ. ಒಯ್ಯಬೇಕು ಅಂತ ಮಾಡಿದ್ದೆ, ಮಂದಿ ಸಿಗಲಿಲ್ಲ" ಎಂದಳು.

"ಅವ್ವಾ, ಈಗ್ಯಾಕ, ಆಮ್ಯಾಲ ನೋಡಿದ್ರಾತು" ಎಂದು ತಮ್ಮ ಅಂಗಳಕ್ಕೆ ಇಳಿದ. ಆದರೆ ಸೋದರಮಾವ ಆಗಲೇ ತೋಳು ಮಡಚುತ್ತಿದ್ದ. "ಆಮೇಲೆ ಯಾಕೆ? ಗಂಡಸರು ಇಷ್ಟು ಮಂದಿ ಅದೀವಿ. ಒಬ್ಬ ಹೆಣ್ಣುಮಗಳು ಹೆಂಗೆ ಒಯ್ಯಬೇಕು ಇದನ್ನ? ಬರ್ರಿ ಅಳಿಯಂದಿರೆ, ನೀವು ಆ ಕಡೆ ಹಿಡಕೊಳ್ರಿ." ಕೂಗಿದ್ದು ಕೇಳಿ ಓಣಿಯವರೂ ಬಂದರು. ಹೋದ ವಾರ ಗೋಡೆಯ ಮೇಲೆ ಕೂತಿದ್ದವನೂ ಬಂದ. ಸೋದರಮಾವ ಅವನ ಕೈಗೆ ಹಾರೆ ಕೊಟ್ಟು, "ಮಾತು ಆಮೇಲೆ" ಎಂದ.

ಟ್ಯಾಂಕಿ ನಮ್ಮದು ಎಂದು ತಮ್ಮ ಹೇಳುವ ಹಾಗಿರಲಿಲ್ಲ. ಹಿಡಿಯುವುದಿಲ್ಲ ಎನ್ನುವ ಹಾಗೂ ಇರಲಿಲ್ಲ. ನೆರೆಯ ಹೆಂಗಸಿಗೆ ಒಂದು ಕೈ ಕೊಡದವನಿಗೆ ಯಾರು ಹೆಣ್ಣು ಕೊಡುತ್ತಾರೆ? ಇಸ್ತ್ರಿ ಅಂಗಿ, ಹೊಸ ಪ್ಯಾಂಟಿನಲ್ಲಿಯೇ ಭುಜ ಕೊಟ್ಟ. ಬೇವಿನ ಮರದ ಸಂದಿಯಿಂದ ಬಿಡಿಸುವಾಗ ಅಡ್ಡಬಿದ್ದ ಡ್ರಮ್ಮಿನೊಳಗೆ ಉಳಿದಿದ್ದ ಸೆಗಣಿನೀರು ಅವನ ಎದೆಯ ಮೇಲೆಯೇ ಸುರಿಯಿತು. ನಾನು ನಗಲಿಲ್ಲ ಎಂದು ಹೇಳಿದರೆ ಸುಳ್ಳಾಗುತ್ತದೆ. ಹೊಟ್ಟೆ ಹಿಡಿದುಕೊಂಡು ನಕ್ಕೆ. ಅತ್ತೆಯ ಹಿತ್ತಲಲ್ಲಿ ಕಟ್ಟಿಗೆ ಸರಿಸಿ, ಚಪ್ಪಡಿ ಎತ್ತಿ, ಟ್ಯಾಂಕಿಯನ್ನು ಗುಂಡಿಯೊಳಕ್ಕೆ ಇಳಿಸಿದರು. ಒಂದೇ ಅಳತೆ, ಹೇಳಿ ಮಾಡಿಸಿದಂತೆ ಕೂತಿತು. ಅವ್ವ ನಿಂತು ಎಲ್ಲ ನೋಡಿ, ರೇಷ್ಮೆ ಸೆರಗಿಗೂ ಬಿಡದೆ ಕಟ್ಟಿಕೊಂಡಿದ್ದ ಗಂಟು ಬಿಚ್ಚಿ, ದಾರ ಸುತ್ತಿದ ಕಾಕನ್ನು ಅತ್ತೆಯ ಕೈಗೆ ಹಾಕಿದಳು. "ಇದೂ ನಿಂದ. ಬೆಸಿಗಿ ಹಾಕಿಸ್ಕೋ" ಎಂದಳು.

ಸಂಬಂಧ ಗಟ್ಟಿಯಾಯಿತು. ಹುಡುಗ ಮೈಗಳ್ಳನಲ್ಲ, ನೆರೆಹೊರೆಗೆ ಬೇಕಾದವನು ಎಂದು ಸೋದರಮಾವನೇ ಹೊಗಳಿದನಂತೆ. ಗುಜರಿಯವನು ಬಂದು ಖಾಲಿ ಅಂಗಳ ನೋಡಿ ಬೈದು ಹೋದ. ಸೋಮವಾರ ಬೆಳಿಗ್ಗೆ ಅತ್ತೆಯ ಕಟ್ಟಿಗೆ ಒಲೆಯ ಮೇಲೆ ಇಬ್ಬರೂ ಕೂತು ರೊಟ್ಟಿ ಬಡಿದರು, ಬುಟ್ಟಿ ಖಾನಾವಳಿಗೆ ಹೋಯಿತು. ಟ್ಯಾಂಕಿ ಕೊಟ್ಟ ಮೇಲೆ ಅವ್ವನಿಗೆ ಅತ್ತೆಯ ಕಟ್ಟಿಗೆ ಉರಿಸಲು ನಾಚುವ ಕಾರಣವಿರಲಿಲ್ಲ. ನಮ್ಮ ಗುಂಡಿಯಲ್ಲಿದ್ದ ಹುಳಿತ ಸೆಗಣಿಯನ್ನು ಬಕೆಟ್ಟಿನಲ್ಲಿ ಹೊತ್ತು ಹೊತ್ತು ಆ ಗುಂಡಿಗೆ ತುಂಬಿದೆವು. ದಿನಾ ನಮ್ಮ ಎಮ್ಮೆಗಳ ಸೆಗಣಿ ಬುಟ್ಟಿ ಗೋಡೆ ದಾಟಿತು. ಕೆಲವು ವಾರಗಳಲ್ಲಿ ಟ್ಯಾಂಕಿ ಎದ್ದಿತು. ಅತ್ತೆ ಕಟ್ಟಿಗೆಗೆ ಹೋಗುವುದನ್ನು ಬಿಟ್ಟಳು.

ನಮ್ಮ ಮನೆಯ ಗ್ರಾನೈಟಿನ ಮೇಲೆ ಈಗ ಅಡುಗೆ ಮಾಡುವವಳು ನಾನು. ಅತ್ತೆಯ ಬೆಂಕಿಯಲ್ಲಿ ಬಡಿದ ರೊಟ್ಟಿಯನ್ನು ಅವ್ವ ಈ ಮನೆಗೆ ತರುವುದಿಲ್ಲ. ಶಾಲೆಯಿಂದ ಬಂದು ಅನ್ನ, ಸಾರು, ಮನಸ್ಸು ಬಂದರೆ ಪಲ್ಯ. ನನಗೆ ರೊಟ್ಟಿ ಬಡಿಯಲು ಬರುವುದಿಲ್ಲ, ಕಲಿಯುವುದೂ ಇಲ್ಲ. ತಮ್ಮ ಕೆಲವು ದಿನ ಅನ್ನ ಉಂಡ, ಕೆಲವು ದಿನ ಬ್ರೆಡ್ಡು ತಂದುಕೊಂಡು ತಿಂದ. ಸಂಜೆಯಾದರೆ ಗೋಡೆಯ ಆಚೆಯಿಂದ ಹಸಿಹಿಟ್ಟು ಹಂಚಿಗೆ ಬಿದ್ದ ವಾಸನೆ ಬರುತ್ತಿತ್ತು. ಅವನು ಆ ಹೊತ್ತಿನಲ್ಲಿ ಟಿವಿಯ ದನಿ ಏರಿಸುತ್ತಿದ್ದ.

ಕೊನೆಗೊಂದು ಸಂಜೆ ತಡೆಯಲಾರದೆ ತಟ್ಟೆ ಹಿಡಿದುಕೊಂಡು ಅತ್ತೆಯ ಹಿತ್ತಲ ಬಾಗಿಲಲ್ಲಿ ನಿಂತ. ನಾನು ಆಗ ಅಲ್ಲೇ ಇದ್ದೆ, ಅವ್ವನಿಗೆ ಹಿಟ್ಟು ತಂದು ಕೊಟ್ಟಿದ್ದೆ. ಒಳಗೆ ಇಬ್ಬರು ಹೆಂಗಸರು ಎದುರುಬದುರು ಕೂತು ಬಡಿಯುತ್ತಿದ್ದರು, ನಡುವೆ ನೀಲಿ ಬೆಂಕಿ.

"ಅವ್ವಾ, ಬಿಸಿವು ಒಂದೆರಡು ಕೊಡಬೇ" ಎಂದ. ದನಿ ಚಿಕ್ಕದಾಗಿತ್ತು.

ಅವ್ವ ತಲೆ ಎತ್ತಲಿಲ್ಲ. ಹಂಚಿನ ಮೇಲಿನ ರೊಟ್ಟಿಯನ್ನು ತಿರುವಿ ಹಾಕಿ, ಅತ್ತೆಯ ಕಡೆ ನೋಡಿ ಹೇಳಿದಳು:

"ನೋಡವಾ, ಪಕ್ಕದ ಮನಿಯವ್ರು ಬಂದಾರ. ಏನು ಬೇಕಂತ ಕೇಳು."